ಕಡೆಯುವ ವಿದ್ಯೆ

ಮಜ್ಜಿಗೆಯನ್ನು ಕಡೆಯುವುದಕ್ಕೂ ಮರವನ್ನು ಕಡೆಯುವುದಕ್ಕೂ ಕನ್ನಡದಲ್ಲಿ ಮಾತು ಒಂದೇ. ಇದು ಬರಿಯ ಶಬ್ದಸಾಮ್ಯವಲ್ಲ. ವಿದ್ಯುಚ್ಛಕ್ತಿ ಬರುವ ಮುನ್ನ ಮರಗೆಲಸದವರು, ಕಡೆಗೋಲಿಗೆ ಸುತ್ತಿದಂತೆಯೇ ಹಗ್ಗ ಸುತ್ತಿ, ಅತ್ತಿತ್ತ ಎಳೆದು ಮರವನ್ನು ತಿರುಗಿಸುತ್ತಿದ್ದರು. ಅಡಿಗೆಮನೆಯಲ್ಲಿ ದುಡಿಯುವ ನಮ್ಮವರಿಗೆ ಈ ವಿದ್ಯೆ ಪರಕೀಯವೆನಿಸಬೇಕಾದುದಿಲ್ಲ.

ಕನ್ನಡನಾಡಿನಲ್ಲಿ ಇದಕ್ಕೆ ಹೆಸರಾದ ಊರು ಚನ್ನಪಟ್ಟಣ. ಅಲ್ಲಿಯ ಗೊಂಬೆಗಳು 2005–06ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನು ಪಡೆದುವು. ಅವುಗಳಿಗೆ ಒದಗುವ ಬಿಳಿಯ ಆಲೆಮರವನ್ನೇ ಇಲ್ಲಿಯವರು ದಂತಪ್ಪಾಲ ಎನ್ನುತ್ತಾರೆ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಕಾವಿಗೇ ಅರಗು ಕರಗಿ ಹತ್ತುತ್ತದೆ. ತಾಳೆಗರಿಯಿಂದ ತೀಡಿದರೆ ಹೊಳಪು ಬರುತ್ತದೆ.

ಶ್ರೀಕಾರ್ಯಂನಲ್ಲಿರುವ ನಮ್ಮ ಬಂಧುಗಳಲ್ಲಿ ಬಿಡುವಿನ ವೇಳೆಗೆ ಬಟ್ಟಲು ಕಡೆಯಲು ಕಲಿಯಬಯಸುವವರು ನಾಲ್ಕು ಮಂದಿ ಕೂಡಿ ಒಂದು ಸಣ್ಣ ಯಂತ್ರವನ್ನು ಕೊಳ್ಳುವುದು ಲೇಸು. ಹಲಸಿನ ತುಂಡೊಂದು ಸಾಕು. ಉಳಿಯ ಇಳಿಜಾರು ಮೈ ಮೊದಲು ಮರವನ್ನು ಮುಟ್ಟಬೇಕು, ಬಾಯಿ ಆಮೇಲೆ. ಹೊರಮೈಯನ್ನು ಬುಡದಿಂದ ಅಂಚಿನತ್ತ, ಒಳಮೈಯನ್ನು ಅಂಚಿನಿಂದ ನಡುವಿನತ್ತ ಕಡೆಯತಕ್ಕದ್ದು. ಮುಂಡಿನ ಅಂಚಾಗಲಿ ಹೆಗಲ ತೋರ್ತಾಗಲಿ ಯಂತ್ರದ ಬಳಿ ಸುಳಿಯಬಾರದು. ಸಿಕ್ಕಿಕೊಂಡರೆ ಕೈಯನ್ನೂ ಎಳೆದೀತು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ.

ನಿಜವಾದ ಪರೀಕ್ಷೆ ತಾಳ್ಮೆಯದು. ಹಸಿಮರವನ್ನು ಒಂದೇ ದಿನದಲ್ಲಿ ತೆಳ್ಳಗೆ ಕಡೆದು ಮುಗಿಸಿದರೆ, ಒಣಗುವಾಗ ಅದು ಸೊಟ್ಟಗಾಗುತ್ತದೆ, ಸೀಳುವುದೂ ಉಂಟು. ಆದುದರಿಂದ ಅಗಲದ ಹತ್ತನೆಯ ಒಂದು ಪಾಲಿನಷ್ಟು ದಪ್ಪವುಳಿಸಿ, ಕಾಗದದ ಚೀಲದಲ್ಲಿಟ್ಟು ನೆರಳಿನಲ್ಲಿ ಕೆಲವು ತಿಂಗಳು ಒಣಗಿಸಿ, ಬಳಿಕ ಎರಡನೆಯ ಸಲ ಕಡೆಯಬೇಕು. ವರ್ಷಕ್ಕೆ ಎರಡು ಮಳೆಗಾಲಗಳಿರುವ ಈ ಊರಿನಲ್ಲಿ ಕಾಯುವಿಕೆ ಇನ್ನಷ್ಟು ದೀರ್ಘವಾದೀತು. ಅರಗು ಹಚ್ಚಿದ ಬಟ್ಟಲಿಗೆ ಬಿಸಿ ಸಾರನ್ನು ಹಾಕತಕ್ಕದ್ದಲ್ಲ: ಕಾವಿನಿಂದ ಹತ್ತಿದ್ದು ಕಾವಿನಿಂದಲೇ ಕೆಡುತ್ತದೆ. ಬಾಳೆಹಣ್ಣಿಗೆ, ಗೋಡಂಬಿಗೆ ಅದು ಯೋಗ್ಯ.

ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವ ಬಟ್ಟಲಿಗೆ ಇಷ್ಟು ಶ್ರಮವೇಕೆ ಎಂದು ಕೇಳುವವರುಂಟು. ನಾವು ಬೇಯಿಸಿದ್ದು ಗಳಿಗೆಯಲ್ಲಿ ಪರರ ಎಲೆಯ ಮೇಲೆ ಮುಗಿಯುತ್ತದೆ. ನಾವು ಬರೆದದ್ದು ಪರರ ಕಡತದಲ್ಲಿ ಸೇರುತ್ತದೆ. ಅನ್ನ ಕೊಡುವ ಕೆಲಸವೆಂದು ಅದನ್ನು ಗೌರವಿಸೋಣ. ಆದರೆ ಕೈಯ ಗುರುತು ಉಳಿಯುವಂಥ ವಸ್ತು ಒಂದಾದರೂ ಮನುಷ್ಯನಿಗೆ ಬೇಕು. ರಜೆಯಲ್ಲಿ ಊರಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ಅಂಥದೊಂದು ಇದ್ದರೆ, ಮನೆಯವರು ಅದರ ಬೆಲೆಯನ್ನು ಕೇಳಲಾರರು. ಮಾಡಿದವರು ಯಾರೆಂದು ಕೇಳುವರು.