ಮನಸ್ಸು ಮರಗಟ್ಟಿದಾಗ ಚೀನೀ ವೈದ್ಯ ಏನು ಮಾಡುತ್ತಾನೆ?

ಖಿನ್ನತೆಯ ಬಗ್ಗೆ ಮಾಡಿದ ಸಂಚಿಕೆ ಕೇಳಿ ಒಬ್ಬರು ಮೇಲ್ ಬರೆದಿದ್ದಾರೆ. ಅವರ ಸಮಸ್ಯೆ ದುಃಖ ಅಲ್ಲ, ದುಃಖವೂ ಆಗ್ತಿಲ್ಲ ಅನ್ನೋದು. ಮಗು ನಕ್ಕರೂ ಅಷ್ಟೇ, ಮನೆಯಲ್ಲಿ ಸಾವಾದರೂ ಅಷ್ಟೇ. ವರ್ಷದಿಂದ ಖಿನ್ನತೆಯ ಮಾತ್ರೆ ತಗೋತಿದ್ದಾರೆ. ಈಗ ಆನ್‌ಲೈನ್‌ನಲ್ಲಿ ಚೀನೀ ಗಿಡಮೂಲಿಕೆಯ ಗುಳಿಗೆ ಸಿಕ್ಕಿದೆ, ಮಾತ್ರೆ ಬಿಟ್ಟು ಅದನ್ನ ಶುರು ಮಾಡಲಾ ಅಂತ ಕೇಳಿದ್ದಾರೆ.

ಮೊದಲು ನೇರ ಉತ್ತರ: ಮಾತ್ರೆಯನ್ನ ನೀವಾಗೇ ನಿಲ್ಲಿಸಬೇಡಿ. ಕಾರಣ ಆಮೇಲೆ ಹೇಳ್ತೀನಿ. ನಾನು ವೈದ್ಯ ಅಲ್ಲ, ಆರೋಗ್ಯದ ವರದಿ ಮಾಡುವ ಪತ್ರಕರ್ತ. ಹಾಗಂತ ಚೀನೀ ವೈದ್ಯವನ್ನ ಒಂದೇ ಮಾತಲ್ಲಿ ತಳ್ಳಿಹಾಕಲೂ ಮನಸ್ಸಿಲ್ಲ. ಈ ಒಂದು ತೊಂದರೆಯ ಬಗ್ಗೆ ಅಲ್ಲಿ ಬಹಳ ಹಳೆಯ ಯೋಚನೆ ಇದೆ.

ಪದದಿಂದಲೇ ನೋಡೋಣ. ಕೈಕಾಲು ಮರಗಟ್ಟಿತು ಅಂತೀವಿ, ಮನಸ್ಸು ಮರಗಟ್ಟಿತು ಅಂತಲೂ ಅಂತೀವಿ. ಚೀನೀ ಭಾಷೆಯಲ್ಲಿ ಎರಡಕ್ಕೂ ‘ಮಾಮು’ ಅನ್ನೋ ಒಂದೇ ಪದ. ಅದರಲ್ಲಿರುವ ‘ಮು’ ಅಕ್ಷರಕ್ಕೆ ಮರ ಅಂತಲೇ ಅರ್ಥ! ಇನ್ನೂ ಹಿಂದೆ ಹೋದರೆ, ಅವರ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಜೋಮು ಹಿಡಿದ ಅಂಗಕ್ಕೆ ‘ಬು ರೆನ್’ ಅಂತಾರೆ. ‘ಬು’ ಅಂದ್ರೆ ಇಲ್ಲ. ‘ರೆನ್’ ಅಂದ್ರೆ ಕನ್‌ಫ್ಯೂಷಿಯಸ್ ಪರಂಪರೆಯಲ್ಲಿ ಕರುಣೆ, ಮನುಷ್ಯತ್ವ. 11ನೇ ಶತಮಾನದ ಚಿಂತಕ ಚೆಂಗ್ ಹಾವೊ ಇದನ್ನ ಗಮನಿಸಿ ವೈದ್ಯರನ್ನ ಮೆಚ್ಚಿಕೊಂಡಿದ್ದ. ಸ್ಪರ್ಶ ತಿಳಿಯದ ಕೈ ನಮ್ಮದೇ ಆಗಿದ್ದರೂ ನಮ್ಮದು ಅನ್ನಿಸೋದಿಲ್ಲ, ಪರರ ನೋವು ತಟ್ಟದ ಮನಸ್ಸೂ ಹಾಗೇ ಅನ್ನೋದು ಅವನ ವಾದದ ತಿರುಳು.

ಇನ್ನು ಚಿಕಿತ್ಸೆ. “ನನಗೆ ಏನೂ ಅನ್ನಿಸ್ತಿಲ್ಲ ಡಾಕ್ಟ್ರೇ” ಅಂತ ಹೋದರೆ ಚೀನೀ ವೈದ್ಯರು ಬಾಲ್ಯದ ಕಥೆ ಕೇಳೋದಿಲ್ಲ. ನಾಲಿಗೆ ತೋರಿಸಿ ಅಂತಾರೆ, ಎರಡೂ ಮಣಿಕಟ್ಟಿನ ನಾಡಿ ಹಿಡೀತಾರೆ, ನಿದ್ದೆ, ಹಸಿವು, ಮಲವಿಸರ್ಜನೆ ವಿಚಾರಿಸ್ತಾರೆ. ಎದೆ ಬಿಗಿದು ಪದೇಪದೇ ನಿಟ್ಟುಸಿರು ಬರ್ತಿದ್ರೆ ಯಕೃತ್ತಿನ ‘ಚೀ’, ಅಂದ್ರೆ ಪ್ರಾಣಶಕ್ತಿ, ಹರಿಯದೆ ಕಟ್ಟಿಕೊಂಡಿದೆ ಅಂತ ಲೆಕ್ಕ. ನಾಲಿಗೆ ಮೇಲೆ ದಪ್ಪ ಜಿಡ್ಡಿನ ಪದರ, ತಲೆಯೆಲ್ಲ ಮಂಕು ಅಂದ್ರೆ ಕಫ ಹೃದಯದ ಬಾಗಿಲು ಮುಚ್ಚಿದೆ. ಸುಸ್ತು, ಹಸಿವಿಲ್ಲ, ನಿದ್ದೆಯಿಲ್ಲ ಅಂದ್ರೆ ಹೃದಯ ಮತ್ತು ಗುಲ್ಮ ಎರಡೂ ಸೊರಗಿವೆ. ದೂರು ಒಂದೇ, ಔಷಧ ಮೂರು ಬಗೆ.

ಮೊದಲನೆಯದಕ್ಕೆ ಕೊಡೋದರಲ್ಲಿ ಹೆಸರಾದದ್ದು ‘ಷಿಯಾವೊ ಯಾವೊ ಸಾನ್’, ಸಾಂಗ್ ರಾಜವಂಶದ ಕಾಲದ ಸರ್ಕಾರಿ ಔಷಧ ಸಂಗ್ರಹದಲ್ಲಿರುವ ಪುಡಿ. ಹೆಸರಿಗೆ ನಿರಾಳವಾಗಿ ಅಲೆದಾಡುವವನ ಪುಡಿ ಅಂತ ಅರ್ಥ ಹೇಳಬಹುದು. ಇದಕ್ಕಿಂತ ಹಳೆಯದು ಹಾನ್ ಕಾಲದ ವೈದ್ಯ ಝಾಂಗ್ ಝೋಂಗ್‌ಜಿಂಗ್ ಬರೆದಿಟ್ಟ ಒಂದು ಕಷಾಯ. ಅದರಲ್ಲಿರೋದು ಮೂರೇ ವಸ್ತು: ಗೋಧಿ, ಖರ್ಜೂರದಂಥ ಬೋರೆಹಣ್ಣು, ಜ್ಯೇಷ್ಠಮಧು. ಅಡುಗೆಮನೆಯ ಔಷಧ ಅನ್ನಿ. ಅದು ಮಾತ್ರ ಕಾರಣವಿಲ್ಲದೆ ಅಳು ಬರುವವರಿಗೆ, ಅಳು ಬಾರದವರಿಗಲ್ಲ.

ಈ ಪ್ರಶ್ನೆಗಳ ದಾರಿಯಲ್ಲೇ ನನಗೆ ನಿಜವಾದ ಲಾಭ ಕಾಣೋದು. 1980ರಲ್ಲಿ ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಹುನಾನ್ ಪ್ರಾಂತ್ಯದ ಚಾಂಗ್‌ಶಾದಲ್ಲಿ, ನರದೌರ್ಬಲ್ಯ ಅಂತ ಚೀಟಿ ಬರೆಸಿಕೊಂಡಿದ್ದ 100 ರೋಗಿಗಳನ್ನ ಪರೀಕ್ಷಿಸಿದರು. 87 ಮಂದಿಯಲ್ಲಿ ಇದ್ದದ್ದು ಖಿನ್ನತೆ. ಅವರು ಬಂದದ್ದು ಮಾತ್ರ ತಲೆನೋವು, ನಿದ್ರಾಹೀನತೆ, ತಲೆಸುತ್ತು ಅಂತ. ನಮ್ಮಲ್ಲೂ ಎಷ್ಟೋ ಜನ ಎದೆ ಭಾರ, ಗ್ಯಾಸು ಅಂತಲೇ ಆಸ್ಪತ್ರೆಗೆ ಹೋಗೋದು, ಅಲ್ವಾ? ಏನೂ ಅನ್ನಿಸದವರಿಗೆ ಏನನ್ನಿಸುತ್ತೆ ಅಂತ ಕೇಳಿದರೆ ಬಾಯಿ ಕಟ್ಟುತ್ತೆ. ನಿದ್ದೆ ಹೇಗಿದೆ ಅಂದ್ರೆ ಮಾತು ಶುರುವಾಗುತ್ತೆ.

ಆದರೆ ಔಷಧ ಕೆಲಸ ಮಾಡುತ್ತಾ? ಸೂಜಿ ಚಿಕಿತ್ಸೆ, ಅಂದ್ರೆ ಆಕ್ಯುಪಂಕ್ಚರ್ ಬಗ್ಗೆ ಒಂದಿಷ್ಟು ಪುರಾವೆ ಇದೆ. ಇಂಗ್ಲೆಂಡಿನಲ್ಲಿ 755 ಖಿನ್ನತೆ ರೋಗಿಗಳ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆ ಸೂಜಿ ಅಥವಾ ಆಪ್ತಸಮಾಲೋಚನೆ ಪಡೆದವರು ಮೂರು ತಿಂಗಳಲ್ಲಿ ಉಳಿದವರಿಗಿಂತ ಸುಧಾರಿಸಿದ್ದರು. ಸೂಜಿಗೂ ಸಮಾಲೋಚನೆಗೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಅಲ್ಲಿ ತೋರಿಕೆಯ ಸೂಜಿ ಚುಚ್ಚಿ ಹೋಲಿಸಿರಲಿಲ್ಲ. ಹಾಗಾಗಿ ಗುಣ ಸೂಜಿಯದ್ದೋ, ಒಬ್ಬರು ಎದುರು ಕೂತು ಗಮನ ಕೊಟ್ಟದ್ದರದ್ದೋ, ಹೇಳೋಕಾಗಲ್ಲ. 2018ರ ಕಾಕ್ರೇನ್ ವಿಮರ್ಶೆ 64 ಅಧ್ಯಯನಗಳನ್ನ ಒಟ್ಟಿಗೆ ತೂಗಿ, ಸ್ವಲ್ಪ ಉಪಯೋಗ ಕಾಣುತ್ತೆ, ಪುರಾವೆಯ ಗುಣಮಟ್ಟ ಮಾತ್ರ ಕಡಿಮೆ ಅಂದಿತು. ಇವೆಲ್ಲ ಅಳೆದದ್ದು ಖಿನ್ನತೆಯನ್ನ, ಮರಗಟ್ಟುವಿಕೆಯನ್ನಲ್ಲ. ಗಿಡಮೂಲಿಕೆಗಳ ಪುರಾವೆ ಇದಕ್ಕಿಂತಲೂ ದುರ್ಬಲ.

ಈಗ ಮಾತ್ರೆ ವಿಷಯ. ಖಿನ್ನತೆಗೆ ಹೆಚ್ಚಾಗಿ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳೇ ಕೆಲವರಲ್ಲಿ ಭಾವನೆಗಳನ್ನ ಮೊಂಡಾಗಿಸುತ್ತವೆ. ಇದು ವೈದ್ಯರಿಗೆ ಗೊತ್ತಿರುವ ಅಡ್ಡಪರಿಣಾಮ. ಡೋಸ್ ಇಳಿಸಿಯೋ ಮಾತ್ರೆ ಬದಲಿಸಿಯೋ ನೋಡಬಹುದು, ಆದ್ರೆ ರೋಗಿ ಹೇಳಬೇಕಲ್ಲ! ದಿಢೀರ್ ನಿಲ್ಲಿಸಿದರೆ ತಲೆಸುತ್ತು, ತಲೆಯಲ್ಲಿ ಶಾಕ್ ಹೊಡೆದಂಥ ಅನುಭವ, ಚಡಪಡಿಕೆ ಬರಬಹುದು, ಖಿನ್ನತೆಯೂ ಮರಳಬಹುದು. ಮರಗಟ್ಟುವಿಕೆ ಖಿನ್ನತೆಯದ್ದೇ ಲಕ್ಷಣವೂ ಇರಬಹುದು, ಆಘಾತದ ನಂತರ ಬಂದದ್ದೂ ಇರಬಹುದು.

ಗುಳಿಗೆಯೂ ನಿರಪಾಯಕಾರಿ ಅಲ್ಲ. ಜ್ಯೇಷ್ಠಮಧು ಹೆಚ್ಚು ದಿನ ತಗೊಂಡರೆ ರಕ್ತದೊತ್ತಡ ಏರುತ್ತೆ, ಪೊಟ್ಯಾಸಿಯಂ ಇಳಿಯುತ್ತೆ. ಷಿಯಾವೊ ಯಾವೊ ಸಾನ್‌ನಲ್ಲಿರುವ ದಾಂಗ್‌ಗುಯಿ ಬೇರು ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಗೆ ಫಾಂಗ್‌ಜಿ ಬದಲು ಹೆಸರು ಹತ್ತಿರದ ಗುವಾಂಗ್ ಫಾಂಗ್‌ಜಿ ಸೇರಿಹೋಗಿ ಎಷ್ಟೋ ಮಹಿಳೆಯರ ಮೂತ್ರಪಿಂಡಗಳೇ ಹಾಳಾದವು. ಬೇರು ಒಣಗಿ ಪುಡಿಯಾದ ಮೇಲೆ ಗುರುತು ಹಿಡಿಯೋದು ಯಾರು?

ಸೂಜಿ ಚಿಕಿತ್ಸೆ ಪ್ರಯತ್ನಿಸಬೇಕು ಅನ್ನಿಸಿದರೆ, ಈಗಿನ ಚಿಕಿತ್ಸೆಯ ಜೊತೆಗೆ, ತರಬೇತಿ ಇರುವವರ ಹತ್ತಿರ, ಹೊಸ ಸೂಜಿ ಬಳಸ್ತಾರಾ ಅಂತ ಕೇಳಿ ಮಾಡಿಸಿಕೊಳ್ಳಿ. ಗುಳಿಗೆಯ ಡಬ್ಬಿಯನ್ನ ನಿಮ್ಮ ಮನೋವೈದ್ಯರ ಮೇಜಿನ ಮೇಲಿಟ್ಟು ಮಾತಾಡಿ. ಬದುಕಿದ್ದು ಏನು ಪ್ರಯೋಜನ ಅನ್ನೋ ಯೋಚನೆ ಸುಳಿದರೂ ಕಾಯಬೇಡಿ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ.