ಗುರುವಾರ ಹನ್ನೆರಡಕ್ಕೆ ನೀರಿನ ನ್ಯಾಯ

ಸ್ಪೇನಿನ ಪೂರ್ವ ಕರಾವಳಿಯ ವೆಲೆನ್ಸಿಯಾ ನಗರದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಬೀದಿಯಲ್ಲೇ ಒಂದು ನ್ಯಾಯಾಲಯ ಸೇರುತ್ತದೆ. ಕೆಥೆಡ್ರಲ್ಲಿನ 'ಅಪೊಸ್ತಲರ ಬಾಗಿಲು' ಅದರ ಗೋಡೆ, ಆಕಾಶವೇ ಅದರ ಸೂರು. ಸೊಂಟದೆತ್ತರದ ಕಬ್ಬಿಣದ ಬೇಲಿಯೊಂದನ್ನು ದುಂಡಗೆ ನಿಲ್ಲಿಸಿ, ಒಳಗೆ ಚರ್ಮ ಹೊದಿಸಿದ ಹಳೇ ಮರದ ಕುರ್ಚಿಗಳನ್ನು ಸಾಲಾಗಿ ಇಡುತ್ತಾರೆ. ರೈತರ ಹಳೆಯ ಉಡುಪಾದ ಕಪ್ಪು ನಿಲುವಂಗಿ ತೊಟ್ಟ ಎಂಟು ಮಂದಿ ಬಂದು ಕೂರುತ್ತಾರೆ. ಅವರೇ ನ್ಯಾಯಾಧೀಶರು. ಒಬ್ಬರೂ ಕಾನೂನು ಓದಿ ಆ ಕುರ್ಚಿಗೆ ಬಂದವರಲ್ಲ; ಕಿತ್ತಳೆಯನ್ನೋ ತರಕಾರಿಯನ್ನೋ ಬೆಳೆಯುವವರು.

ನೀರಿನ ನ್ಯಾಯಮಂಡಳಿ ಎಂದು ಇದರ ಹೆಸರು; ಊರ ಸುತ್ತಲಿನ ಎಂಟು ಕಾಲುವೆಗಳ ರೈತರ ನೀರಿನ ಜಗಳ ತೀರಿಸುವುದು ಇದರ ಕೆಲಸ. ನಾನೂ ನಮ್ಮವರೂ ಊರು ನೋಡಲು ಹೋದವರು. ರೇಷ್ಮೆ ವ್ಯಾಪಾರಿಗಳ ಹಳೆಯ ವಹಿವಾಟಿನ ಕಟ್ಟಡವಾದ ಲೊಂಜಾ, ಮೀನು-ಹಣ್ಣುಗಳ ಭಾರೀ ಮಾರುಕಟ್ಟೆ, ಬಿಳಿ ಮೀನಿನ ಎಲುಬುಗೂಡಿನಂತೆ ನಿಂತ, ವಾಸ್ತುಶಿಲ್ಪಿ ಕಲಾತ್ರಾವಾ ಅವರ ವಿಜ್ಞಾನ ನಗರಿ, ಎಲ್ಲ ಪಟ್ಟಿಯಲ್ಲಿದ್ದವು. ಅವೆಲ್ಲ ಚೆಂದವೇ, ಆದರೆ ಅವುಗಳ ಬಗ್ಗೆ ಪ್ರವಾಸಿ ಪುಸ್ತಕಗಳು ಸಾಕಷ್ಟು ಹೇಳುತ್ತವೆ. ನನಗೆ ಹೇಳಬೇಕೆನಿಸಿದ್ದು ಈ ಗುರುವಾರದ ಕಲಾಪವನ್ನು.

ಗೋಪುರದ ಗಂಟೆ ಹನ್ನೆರಡು ಹೊಡೆದ ಕೂಡಲೇ ಹಿತ್ತಾಳೆ ಕೊಕ್ಕೆಯ ಕೋಲು ಹಿಡಿದ ಅಮೀನ ಎದ್ದು ನಿಲ್ಲುತ್ತಾನೆ. ಕ್ವಾರ್ತ್ ಕಾಲುವೆಯ ಆರೋಪಿಗಳಿದ್ದರೆ ಬರಲಿ ಎಂದು ವೆಲೆನ್ಸಿಯನ್ ಭಾಷೆಯಲ್ಲಿ ಕೂಗುತ್ತಾನೆ. ಸ್ವಲ್ಪ ಹೊತ್ತು ಕಾಯುತ್ತಾನೆ. ಆಮೇಲೆ ಇನ್ನೊಂದು ಕಾಲುವೆಯ ಹೆಸರು, ಮತ್ತೆ ಮೌನ. ಹೀಗೆ ಒಂದೊಂದಾಗಿ ಎಲ್ಲವನ್ನೂ ಕರೆಯುತ್ತಾನೆ. ಯಾರೂ ಬಾರದಿದ್ದರೆ ಕಲಾಪ ಮುಗಿಯಿತು. ನಾವು ನಿಂತ ದಿನವೂ ಯಾರೂ ಬರಲಿಲ್ಲ. ಸುತ್ತ ಕ್ಯಾಮೆರಾ ಎತ್ತಿ ಹಿಡಿದಿದ್ದ ಜನ, ಸಿನಿಮಾ ಶುರುವಾಗುವ ಮೊದಲೇ ಮುಗಿಯಿತೇನೋ ಎಂಬಂತೆ ಮುಖ ಮುಖ ನೋಡಿಕೊಂಡರು. "ರೀ, ಇಷ್ಟೇನಾ?" ಅಂದೆ. ನಮ್ಮವರು ಹುಟ್ಟಿ ಬೆಳೆದದ್ದು ಮದ್ದೂರಿನ ಕಡೆ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಹಳ್ಳಿಯಲ್ಲಿ. "ಕೊನೆ ಭಾಗದವರೂ ತಕರಾರಿಲ್ಲದೆ ಇದ್ದಾರಲ್ಲೇ!" ಅಂದರು. ಎಲ್ಲರಿಗಿಂತ ಚೆನ್ನಾಗಿ ಆ ಮೌನವನ್ನು ಕೇಳಿಸಿಕೊಂಡವರು ಅವರೇ.

ಕೊನೆ ಭಾಗದ ರೈತನ ಕಷ್ಟ ಎಲ್ಲ ದೇಶದಲ್ಲೂ ಒಂದೇ. ತೂಬಿನ ಹತ್ತಿರದವನು ರಾತ್ರೋರಾತ್ರಿ ಮಡೆ ತಿರುಗಿಸಿಕೊಂಡರೆ ಕೆಳಗಿನವನ ಗದ್ದೆ ಬಿರುಕು ಬಿಡುತ್ತದೆ. ವೆಲೆನ್ಸಿಯಾದ ಸುತ್ತಲಿನ ಅಚ್ಚುಕಟ್ಟಿಗೆ ನೀರು ಕೊಡುವುದು ತೂರಿಯಾ ನದಿ. ಮೆಡಿಟರೇನಿಯನ್ ಸೀಮೆಯ ನದಿಗಳ ಸ್ವಭಾವದಂತೆ ಬೇಸಿಗೆಯಲ್ಲಿ ಸೊರಗುತ್ತದೆ, ಶರತ್ಕಾಲದಲ್ಲಿ ಒಮ್ಮೊಮ್ಮೆ ಕೆರಳುತ್ತದೆ. ಅದರ ಬಲದಂಡೆಯಲ್ಲಿ ಕ್ವಾರ್ತ್, ಬೆನಾಜೆರ್-ಫೈತನಾರ್, ಮಿಸ್ಲಾತಾ, ಫವಾರಾ, ರೊವೆಲ್ಯಾ ಕಾಲುವೆಗಳಿವೆ. ಎಡದಂಡೆಯಲ್ಲಿ ತೊರ್ಮೊಸ್, ಮೆಸ್ತಾಲ್ಯಾ, ರಸ್ಕಾನ್ಯಾ. ಫುಟ್‌ಬಾಲ್ ನೋಡುವವರಿಗೆ ಮೆಸ್ತಾಲ್ಯಾ ಪರಿಚಿತ ಹೆಸರು: ವೆಲೆನ್ಸಿಯಾ ತಂಡದ ಕ್ರೀಡಾಂಗಣಕ್ಕೆ ಆ ಹೆಸರು ಬಂದದ್ದು ಪಕ್ಕದಲ್ಲಿ ಹರಿಯುತ್ತಿದ್ದ ಈ ಕಾಲುವೆಯಿಂದ.

ಹಂಚಿಕೆಯ ಲೆಕ್ಕ ಸರಳ. ಯಾವ ಕಾಲುವೆಗೂ ಇಷ್ಟೇ ನೀರು ಎಂಬ ಹಕ್ಕಿಲ್ಲ. ನದಿಯಲ್ಲಿ ಎಷ್ಟಿದೆಯೋ ಅದರಲ್ಲಿ ಇಂತಿಷ್ಟು ಪಾಲು, ಅಷ್ಟೆ. ನದಿ ಸೊರಗಿದರೆ ಎಲ್ಲರ ಪಾಲೂ ಸೊರಗುತ್ತದೆ. ಕಾಲುವೆ ಕವಲೊಡೆಯುವ ಕಡೆಗಳಲ್ಲಿ ಪ್ರವಾಹದ ನಡುವೆ ಕಲ್ಲಿನ ಮೂತಿಯೊಂದನ್ನು ಕಟ್ಟಿರುತ್ತಾರೆ. ಬಂದ ನೀರನ್ನು ಅದು ಗೊತ್ತಾದ ಪ್ರಮಾಣದಲ್ಲಿ ಸೀಳಿ ಎರಡೂ ಬದಿಗೆ ಕಳಿಸುತ್ತದೆ. ತಿರುಗಿಸಲು ಚಕ್ರವಿಲ್ಲ, ಆದ್ದರಿಂದ ತಿರುಗಿಸಿದನೆಂಬ ಜಗಳವೂ ಇಲ್ಲ. ಇನ್ನೊಂದು ಕಟ್ಟಳೆ: ನೀರು ಭೂಮಿಗೆ ಅಂಟಿಕೊಂಡದ್ದು. ಜಮೀನು ಮಾರಿದರೆ ನೀರಿನ ಹಕ್ಕೂ ಅದರೊಂದಿಗೇ ಹೋಗುತ್ತದೆ, ನೀರನ್ನಷ್ಟೇ ಬೇರೆ ಮಾಡಿ ಮಾರುವಂತಿಲ್ಲ.

ಒಂದೊಂದು ಕಾಲುವೆಯ ರೈತರದೂ ಒಂದೊಂದು ಸಮುದಾಯ. ತಮ್ಮೊಳಗಿಂದಲೇ ಅವರು ಒಬ್ಬ ಮುಖಂಡನನ್ನು ಆರಿಸುತ್ತಾರೆ. ಅವನಿಗೆ 'ಸಿಂದಿಕ್' ಎಂದು ಹೆಸರು. ಸ್ವಂತ ಜಮೀನಿರಬೇಕು, ಅದನ್ನು ತಾನೇ ಸಾಗುವಳಿ ಮಾಡಬೇಕು, ಊರಲ್ಲಿ ಒಳ್ಳೆಯ ಹೆಸರಿರಬೇಕು. ಗುರುವಾರದ ಕುರ್ಚಿಯಲ್ಲಿ ಕೂರುವವರು ಇವರೇ. ನೀರಿನ ಸರದಿ ನೋಡಿಕೊಳ್ಳಲು ಕಾವಲುಗಾರರು ಬೇರೆ ಇದ್ದಾರೆ. ಕೋಲಾರ, ತುಮಕೂರು ಕಡೆಯ ಕೆರೆಗಳಲ್ಲಿದ್ದ ನಮ್ಮ ನೀರಗಂಟಿಗಳ ಕೆಲಸವನ್ನೇ ಅವರು ಅಲ್ಲಿ ಮಾಡುವುದು. ಸರದಿ ತಪ್ಪಿಸಿ ನೀರು ಕಟ್ಟಿದ್ದು, ಹೆಚ್ಚು ನೀರು ಬಿಟ್ಟು ಪಕ್ಕದವನ ಬೆಳೆ ಮುಳುಗಿಸಿದ್ದು, ತನ್ನ ಪಾಲಿನ ಕಾಲುವೆಯ ಹೂಳು ತೆಗೆಯದೆ ಬಿಟ್ಟದ್ದು: ದೂರುಗಳೆಲ್ಲ ಹೆಚ್ಚುಕಡಿಮೆ ಇಂಥವೇ. ಕಾವಲುಗಾರ ಆರೋಪಿಗೆ ಮುಂದಿನ ಗುರುವಾರ ಬಾ ಎಂದು ಹೇಳಿ ಹೋಗುತ್ತಾನೆ.

ಬಂದವನು ತನ್ನ ಮಾತನ್ನು ತಾನೇ ಆಡಬೇಕು. ಎಲ್ಲವೂ ಬಾಯಿಮಾತಿನಲ್ಲಿ, ಸುತ್ತ ನಿಂತವರೆಲ್ಲ ಕೇಳುವಂತೆ. ಈಗ ಯಾರು ಮಾತಾಡಬೇಕು ಎಂಬುದನ್ನು ಅಧ್ಯಕ್ಷರು ಕಾಲು ಚಾಚಿ ಸೂಚಿಸುವ ಪದ್ಧತಿಯಿದೆ. ನಮ್ಮ ಕಡೆ ಯಾರಾದರೂ ಹೀಗೆ ಕಾಲು ತೋರಿಸಿದರೆ ಕಾಲುವೆ ಜಗಳ ಪಕ್ಕಕ್ಕೆ ಸರಿದು ಅದೇ ದೊಡ್ಡ ಜಗಳವಾದೀತು! ಆರೋಪಿಯ ಕಾಲುವೆಯ ಸಿಂದಿಕ್ ತೀರ್ಪಿನಲ್ಲಿ ಪಾಲ್ಗೊಳ್ಳುವಂತಿಲ್ಲ. ಆರೋಪಿ ಬಲದಂಡೆಯವನಾದರೆ ಶಿಕ್ಷೆ ಸೂಚಿಸುವವರು ಎಡದಂಡೆಯವರು, ಎಡದಂಡೆಯವನಾದರೆ ಬಲದಂಡೆಯವರು. ಅಲ್ಲಿಯೇ ಚರ್ಚೆ, ಅಲ್ಲಿಯೇ ತೀರ್ಪು. ಮೇಲ್ಮನವಿ ಎಂಬುದಿಲ್ಲ. ದಂಡವನ್ನೂ ನಷ್ಟವನ್ನೂ ವಸೂಲು ಮಾಡುವ ಹೊಣೆ ಆಯಾ ಕಾಲುವೆಯ ಸಿಂದಿಕ್‌ನದು.

ಇದು ಪ್ರವಾಸಿಗರಿಗಾಗಿ ಉಳಿಸಿಕೊಂಡ ವೇಷವಲ್ಲವೇ ಎಂಬ ಅನುಮಾನ ನನಗೂ ಇತ್ತು. ಅಲ್ಲ. ಸ್ಪೇನಿನ 1978ರ ಸಂವಿಧಾನ ಸಾಂಪ್ರದಾಯಿಕ ನ್ಯಾಯಾಲಯಗಳನ್ನು ಮಾನ್ಯ ಮಾಡಿದೆ. 1985ರ ನ್ಯಾಯಾಂಗ ಕಾಯ್ದೆಯಂತೂ ಈ ಮಂಡಳಿಯನ್ನು ಹೆಸರಿಸಿಯೇ ಒಪ್ಪಿಕೊಂಡಿದೆ. ಅದರ ತೀರ್ಪಿಗೆ ಕಾನೂನಿನ ಬಲವಿದೆ.

ಹಳಮೆಯ ಬಗ್ಗೆ ಊರಿನವರಿಗೆ ಹೆಮ್ಮೆ ಜಾಸ್ತಿ. ಕೊರ್ದೊಬಾದ ಖಲೀಫರ ಕಾಲದಲ್ಲಿ, ಕ್ರಿ.ಶ. 960ರಲ್ಲಿ ಶುರುವಾಯಿತೆಂದು ಹೇಳಿ 1960ರಲ್ಲಿ ಸಾವಿರ ವರ್ಷದ ಉತ್ಸವವನ್ನೂ ಮಾಡಿದ್ದಾರೆ. ಆ ಇಸವಿ ಸಂಪ್ರದಾಯ ಹೇಳುವ ಮಾತು. ಕಾಲುವೆಗಳು ಮುಸ್ಲಿಮರ ಆಳ್ವಿಕೆಯಲ್ಲಿ ಬೆಳೆದವು ಎಂಬುದರಲ್ಲಿ ಮಾತ್ರ ತಕರಾರಿಲ್ಲ. 1238ರಲ್ಲಿ ಅರಗೊನಿನ ದೊರೆ ಮೊದಲನೆಯ ಜೌಮೆ ನಗರವನ್ನು ಗೆದ್ದ. ರಾಜ್ಯ ಬದಲಾಯಿತು, ಧರ್ಮ ಬದಲಾಯಿತು, ಮಸೀದಿಯಿದ್ದ ಜಾಗದಲ್ಲಿ ಕೆಥೆಡ್ರಲ್ ಎದ್ದಿತು. ನೀರನ್ನು ಮಾತ್ರ ಹಿಂದಿನಿಂದ ಬಂದ ರೂಢಿಯಂತೆಯೇ ಹಂಚಿಕೊಳ್ಳಿ ಎಂದು ಅವನು ಬಿಟ್ಟ. ಗೆದ್ದವನು ಹೀಗೆ ಸುಮ್ಮನಿದ್ದದ್ದು ನನಗಂತೂ ಅವನ ಯುದ್ಧಗಳಿಗಿಂತ ದೊಡ್ಡದಾಗಿ ಕಂಡಿತು. ಚರ್ಚಿನ ಒಳಗೆ ಕಾಲಿಡಲಾಗದ ಮುಸ್ಲಿಂ ರೈತರಿಗಾಗಿ ಬಾಗಿಲ ಹೊರಗೆ ಸೇರುವ ರೂಢಿ ಬಂತು ಎಂಬ ಕಥೆಯೂ ಇದೆ.

2009ರಲ್ಲಿ ಯುನೆಸ್ಕೊ ಈ ಮಂಡಳಿಯನ್ನು ಮುರ್ಸಿಯಾದ ಇಂಥದೇ ಇನ್ನೊಂದು ಸಭೆಯೊಂದಿಗೆ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನರ್ ಆಸ್ಟ್ರಂ, 1990ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ವೆಲೆನ್ಸಿಯಾದ ಕಾಲುವೆಗಳ ಬಗ್ಗೆ ವಿವರವಾಗಿ ಬರೆದಿದ್ದರು. ಹಂಚಿ ಬಳಸುವ ಸಂಪತ್ತನ್ನು ಸರ್ಕಾರವೋ ಮಾರುಕಟ್ಟೆಯೋ ಕಾಯದಿದ್ದರೆ ಜನ ಹಾಳುಮಾಡುತ್ತಾರೆ ಎಂಬ ನಂಬಿಕೆಗೆ ಅವರು ಮುಂದಿಟ್ಟ ಉತ್ತರಗಳಲ್ಲಿ ಇದೂ ಒಂದು. ನೀರಿನ ಟ್ರಿಬ್ಯೂನಲ್ ಎಂದರೆ ನಮಗೆ ಕಾವೇರಿ ನೆನಪಾಗುತ್ತದೆ: 1990ರಲ್ಲಿ ರಚನೆ, 2007ರಲ್ಲಿ ಅಂತಿಮ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟಿನ ತಿದ್ದುಪಡಿ. ರಾಜ್ಯಗಳ ವ್ಯಾಜ್ಯವನ್ನು ಹಳ್ಳಿಯ ಕಾಲುವೆ ಜಗಳಕ್ಕೆ ಹೋಲಿಸುವುದು ನ್ಯಾಯವಲ್ಲ, ಬಿಡಿ. ಆದರೆ ವೆಲೆನ್ಸಿಯಾದಲ್ಲಿ ನಾಲೆಯ ಕೊನೆಯಲ್ಲಿ ಕೂತವನ ದೂರು ಕೇಳಲು ಅವನಂಥ ರೈತರೇ ವಾರಕ್ಕೊಮ್ಮೆ ಸಿಗುತ್ತಾರೆ ಎಂಬುದು ನಮ್ಮವರನ್ನು ಊಟದ ಹೊತ್ತಿನವರೆಗೂ ಕಾಡಿತು.

ಮಂಡಳಿಗೆ ಈಗಿರುವ ಕಂಟಕ ನೀರುಗಳ್ಳರದಲ್ಲ, ಕಾಂಕ್ರೀಟಿನದು. ನಗರ ಬೆಳೆದಂತೆ ಗದ್ದೆ-ತೋಟಗಳು ಬಡಾವಣೆಯಾಗಿವೆ, ಎಷ್ಟೋ ಕಾಲುವೆಗಳು ರಸ್ತೆಯಡಿಯಲ್ಲಿ ಹರಿಯುತ್ತವೆ. ಉಳಿದ ಕೃಷಿಭೂಮಿಯನ್ನು ಕಾಪಾಡಲು ಪ್ರಾದೇಶಿಕ ಸರ್ಕಾರ 2018ರಲ್ಲಿ ಕಾಯ್ದೆ ತಂದಿತು. ನದಿಯೂ ಊರಿನೊಳಗಿಲ್ಲ. 1957ರ ಅಕ್ಟೋಬರಿನ ಮಹಾಪೂರದ ನಂತರ ಅದನ್ನು ನಗರದ ದಕ್ಷಿಣಕ್ಕೆ ತಿರುಗಿಸಿದರು. ಹಳೆಯ ಪಾತ್ರ ಈಗ ಉದ್ದನೆಯ ಉದ್ಯಾನ. 2024ರ ಅಕ್ಟೋಬರ್ 29ರ ಪ್ರವಾಹದಲ್ಲಿ ಆ ಹೊಸ ಪಾತ್ರ ನಗರವನ್ನು ಉಳಿಸಿತು. ಅದರ ಆಚೆಗಿನ ಊರುಗಳು ಮಾತ್ರ ತತ್ತರಿಸಿದವು. ಆ ದುರಂತದಲ್ಲಿ ಸತ್ತವರು ಇನ್ನೂರಿಪ್ಪತ್ತಕ್ಕೂ ಹೆಚ್ಚು.

ಹೋಗುವವರು ಗುರುವಾರ ಹನ್ನೊಂದೂವರೆಗೇ ಬೇಲಿಯ ಬಳಿ ಜಾಗ ಹಿಡಿಯಬೇಕು, ತಡವಾದರೆ ಎತ್ತರದವರ ಬೆನ್ನಷ್ಟೇ ಕಾಣುತ್ತದೆ. ರಜಾದಿನಗಳಲ್ಲಿ, ಕ್ರಿಸ್‌ಮಸ್ಸಿನಿಂದ ಜನವರಿ ಮೊದಲ ವಾರದವರೆಗೆ ಸಭೆ ಇರುವುದಿಲ್ಲ. ಕಾಯುವಾಗ ಬಾಗಿಲ ಮುಂದಿನ ಚೌಕದ ಕಾರಂಜಿ ನೋಡಿ: ಒರಗಿ ಕೂತ ಗಂಡಸು ತೂರಿಯಾ, ಸುತ್ತ ಕೊಡದಿಂದ ನೀರು ಸುರಿಯುವ ಎಂಟು ಹೆಂಗಸರು ಎಂಟು ಕಾಲುವೆಗಳು. ಸಭೆ ಮುಗಿದ ಮೇಲೆ ಮೆಟ್ರೊ ಹತ್ತಿ ಅಲ್ಬೊರಾಯಾಕ್ಕೆ ಹೋಗಬಹುದು. ರಸ್ಕಾನ್ಯಾ ಕಾಲುವೆಯ ನೀರುಂಡ ಹೊಲಗಳು ಅಲ್ಲಿ ಬೀದಿಯ ಕೊನೆಯಿಂದಲೇ ಶುರುವಾಗುತ್ತವೆ. ಆ ಮಣ್ಣಿನಲ್ಲಿ ಬೆಳೆಯುವ ಚುಫಾ ಎಂಬ ಪುಟ್ಟ ಗೆಡ್ಡೆಯನ್ನು ನೆನೆಸಿ, ರುಬ್ಬಿ, ಸೋಸಿ, ಸಕ್ಕರೆ ಬೆರೆಸಿ ಮಾಡುವ ಬಿಳಿ ಪಾನೀಯ ಓರ್ಚಾತಾ. ತಣ್ಣಗೆ ಕೊಡುತ್ತಾರೆ. ಹಾಲು ಹಾಕುವುದಿಲ್ಲ, ಹಾಲು ಸೇರದವರೂ ಕುಡಿಯಬಹುದು.