‘ತನಿಖಾ ಹಂತದಲ್ಲಿದೆ’ ಎಂಬ ಹಿಂಬರಹ

ವಶೀಲಿ, ಲಾಬಿ, ಕಮಿಷನ್ ಕುರಿತು ತನಿಖೆ ಶುರುವಾಯಿತೆಂದರೆ ಅದು ಮುಗಿಯುವ ತನಕ ಒಂದು ಹಾಳೆಯೂ ಸಾರ್ವಜನಿಕರ ಕೈಗೆ ಬರುವಂತಿಲ್ಲ ಎಂಬ ನಂಬಿಕೆ ಸರ್ಕಾರಿ ಕಚೇರಿಗಳಲ್ಲಿ ಬೇರುಬಿಟ್ಟಿದೆ. ಅರ್ಜಿ ಹಾಕುವವರೂ ಇದನ್ನು ಅಷ್ಟೇ ಭಕ್ತಿಯಿಂದ ನಂಬುತ್ತಾರೆ ಎಂಬುದು ಇನ್ನೂ ಬೇಸರದ ಸಂಗತಿ. ಅಣ್ಣಿಗೇರಿ ಸೀಮೆಯ ರೈತರೊಬ್ಬರು ಬೆಳೆಹಾನಿ ಪರಿಹಾರದ ಪಟ್ಟಿಯಲ್ಲಿ ಹೆಸರುಗಳು ಯಾರ ಶಿಫಾರಸಿನ ಮೇಲೆ ಸೇರಿದವು ಎಂದು ಕೇಳಿದರೆನ್ನಿ. ತಿಂಗಳೊಪ್ಪತ್ತಿಗೆ ಅರ್ಧ ಹಾಳೆಯ ಹಿಂಬರಹವೊಂದು ಬರುತ್ತದೆ: ‘ಸದರಿ ವಿಷಯವು ತನಿಖಾ ಹಂತದಲ್ಲಿರುವುದರಿಂದ ಮಾಹಿತಿ ಒದಗಿಸಲು ಬರುವುದಿಲ್ಲ.’ ಕೆಳಗೆ ಸಹಿ, ದುಂಡು ಮೊಹರು, ಮೂಲೆಯಲ್ಲಿ ಜಾವಕ ಸಂಖ್ಯೆ. ಮೊಹರು ಕಂಡೊಡನೆ ಅರ್ಜಿದಾರರು ಹಿಂಬರಹವನ್ನು ಮಡಚಿ ಕಿಸೆಗಿಟ್ಟುಕೊಳ್ಳುತ್ತಾರೆ. ವಿಷಯ ಅಲ್ಲಿಗೇ ಮುಗಿಯುತ್ತದೆ.

ಕಾನೂನು ಹೇಳುವುದು ಬೇರೆ. 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಎಚ್) ಖಂಡದ ಪ್ರಕಾರ, ತನಿಖೆಗೆ, ಅಪರಾಧಿಗಳ ಬಂಧನಕ್ಕೆ ಅಥವಾ ಅವರ ಮೇಲಿನ ಮೊಕದ್ದಮೆಗೆ ಅಡ್ಡಿಯಾಗುವಂಥ ಮಾಹಿತಿಯನ್ನು ಕೊಡದಿರಬಹುದು. ತನಿಖೆ ‘ನಡೆಯುತ್ತಿದ್ದರೆ’ ಕೊಡಬೇಡಿ ಎಂದು ಅಲ್ಲಿ ಎಲ್ಲೂ ಇಲ್ಲ. ಇರುವುದು ‘ಅಡ್ಡಿಯಾದರೆ’ ಎಂಬ ಷರತ್ತು. ಓದು ಬಲ್ಲ ಯಾರಿಗೂ ಕಾಣುವ ಈ ವ್ಯತ್ಯಾಸವನ್ನು ಕಚೇರಿಗಳಿಗೆ ತಿಳಿಸಲು ಹೈಕೋರ್ಟೇ ತೀರ್ಪು ಬರೆಯಬೇಕಾಯಿತು. ತೆರಿಗೆ ವಂಚನೆ ಬಗ್ಗೆ ತಾನು ಕೊಟ್ಟ ದೂರು ಏನಾಯಿತೆಂದು ವ್ಯಕ್ತಿಯೊಬ್ಬರು ಆದಾಯ ತೆರಿಗೆ ಇಲಾಖೆಯನ್ನು ಕೇಳಿದ್ದರು. ಇಲಾಖೆ ತನಿಖೆಯ ನೆಪ ಹೇಳಿತ್ತು. 2007ರ ಡಿಸೆಂಬರ್ 3ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್, ತನಿಖೆ ನಡೆಯುತ್ತಿದೆ ಎಂಬುದೊಂದೇ ನಿರಾಕರಣೆಗೆ ಕಾರಣವಾಗದು, ಮಾಹಿತಿ ಹೊರಬಿದ್ದರೆ ತನಿಖೆಗೆ ಹೇಗೆ ತೊಡಕಾಗುತ್ತದೆ ಎಂಬುದಕ್ಕೆ ಅಧಿಕಾರಿ ಒಪ್ಪತಕ್ಕ ಕಾರಣ ಕೊಡಬೇಕು ಎಂದರು. ಆ ಕಾರಣಕ್ಕೆ ಆಧಾರವೂ ಇರಬೇಕು. ಕೊಡಲಾಗದೆಂಬುದನ್ನು ಸಮರ್ಥಿಸಿಕೊಳ್ಳುವ ಹೊಣೆ ಮಾಹಿತಿ ಅಧಿಕಾರಿಯದೇ ಎಂದು ಕಾಯ್ದೆಯ 19(5) ಸಹ ಹೇಳುತ್ತದೆ. ಅರ್ಧ ಹಾಳೆಯ ಹಿಂಬರಹದಲ್ಲಿ ಇದಾವುದೂ ಇರುವುದಿಲ್ಲ.

ಇದೇ ನಂಬಿಕೆಗೆ ಇನ್ನೊಂದು ವೇಷವಿದೆ: ‘ಮೂಲ ಕಡತ ಲೋಕಾಯುಕ್ತದವರು ಒಯ್ದಿದ್ದಾರೆ, ನಮ್ಮಲ್ಲಿಲ್ಲ.’ ಒಯ್ದಿರಬಹುದು. ಆದರೆ ಕಾಯ್ದೆಯ 6(3)ರಂತೆ, ಮಾಹಿತಿ ಬೇರೊಂದು ಪ್ರಾಧಿಕಾರದ ಬಳಿ ಇದ್ದರೆ ಅರ್ಜಿಯನ್ನು 5 ದಿನದೊಳಗೆ ಅಲ್ಲಿಗೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸುವುದು ಮೊದಲ ಕಚೇರಿಯ ಕೆಲಸ. ಕೈತೊಳೆದುಕೊಳ್ಳಲು ಅದು ದಾರಿಯಲ್ಲ. ಅಲ್ಲದೆ ಟೆಂಡರ್ ಕಡತ, ಸಭಾ ನಡವಳಿ, ಬಿಲ್ಲು, ಆವಕ-ಜಾವಕ ರಿಜಿಸ್ಟರ್ ಇವೆಲ್ಲ ತನಿಖೆಗಿಂತ ಮೊದಲೇ ಹುಟ್ಟಿದ ದಾಖಲೆಗಳು. ದೂರು ದಾಖಲಾದ ಮಾತ್ರಕ್ಕೆ ಅವು ಗುಟ್ಟಾಗುವುದಿಲ್ಲ. ಯಾವ ಶಾಸಕರ, ಯಾವ ಗುತ್ತಿಗೆದಾರರ ಪತ್ರ ಯಾವ ತಾರೀಖಿಗೆ ಬಂತು, ಅದರ ಮೇಲೆ ಟಿಪ್ಪಣಿ ಹಾಳೆಯಲ್ಲಿ ಯಾರು ಏನು ಷರಾ ಬರೆದರು ಎಂಬುದು ವಶೀಲಿಯ ಜಾಡು ಹಿಡಿಯುವವರಿಗೆ ಸಾಕ್ಷಿಗಳ ಹೇಳಿಕೆಗಿಂತ ಹೆಚ್ಚು ಉಪಯೋಗದ್ದು. ಹೇಳಿಕೆ ಕೊಟ್ಟವರ, ಸುಳಿವು ಕೊಟ್ಟವರ ಗುರುತು ಮುಚ್ಚಿಡಲು 8(1)(ಜಿ) ಇದೆ, ಅದು ಇರಬೇಕಾದ್ದೇ. ಆದರೆ ಕಡತದ ನಾಲ್ಕು ಹಾಳೆ ಮುಚ್ಚಿಡಬೇಕಾಗಿದ್ದರೆ ಉಳಿದದ್ದನ್ನು ಕೊಡಬೇಕೆಂದು 10ನೇ ಕಲಂ ಹೇಳುತ್ತದೆ. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ 2011ರ ಜುಲೈನಲ್ಲೇ ಜನರ ಬಾಯಲ್ಲಿತ್ತು. ಮೊಕದ್ದಮೆಗಳು ಆಮೇಲೂ ನಡೆದವು.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಕಿಲ್ಲ. ಮಾಹಿತಿ ಯಾಕೆ ಬೇಕೆಂದು ಹೇಳಲೇಬೇಕು ಎಂಬುದು ಸುಳ್ಳು. 6(2) ಅದನ್ನು ಕೇಳುವುದನ್ನೇ ತಡೆಯುತ್ತದೆ. ಸಿಬಿಐಗೆ ಮಾಹಿತಿ ಹಕ್ಕು ಅನ್ವಯಿಸುವುದೇ ಇಲ್ಲ ಎಂಬುದು ಅರ್ಧ ಸತ್ಯ: 2011ರಲ್ಲಿ ವಿನಾಯಿತಿ ಪಟ್ಟಿಗೆ ಅದು ಸೇರಿತು ನಿಜ, ಆದರೆ ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿ ಆ ವಿನಾಯಿತಿಯ ಹೊರಗಿದೆ. ಎಫ್‌ಐಆರ್ ಗುಟ್ಟಿನದು ಎಂಬುದೂ ತಪ್ಪು. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದವನ್ನು ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿತು. ಹಾಗೆಂದು ದೋಷಾರೋಪ ಪಟ್ಟಿಯೂ ಹಾಗೇ ಸಿಗುತ್ತದೆ ಎಂದುಕೊಳ್ಳುವಂತಿಲ್ಲ. ಅದನ್ನು ಜಾಲತಾಣಕ್ಕೆ ಹಾಕಬೇಕೆಂಬ ಬೇಡಿಕೆಯನ್ನು ಅದೇ ಕೋರ್ಟ್ 2023ರ ಜನವರಿಯಲ್ಲಿ ತಳ್ಳಿಹಾಕಿತು.

ಲಾಬಿ ಮಾಡುವವರ ಸರ್ಕಾರಿ ಪಟ್ಟಿ ದೆಹಲಿಯಲ್ಲಿದೆ, ಅದನ್ನೇ ಬಚ್ಚಿಟ್ಟಿದ್ದಾರೆ ಎಂಬ ಕಲ್ಪನೆ ಮಾತ್ರ ತಮಾಷೆಯದು. ಅಂಥ ಪಟ್ಟಿಯೇ ಇಲ್ಲ. ಲಾಬಿಯನ್ನು ನೋಂದಾಯಿಸುವ ಕಾನೂನೂ ಭಾರತದಲ್ಲಿಲ್ಲ. ವಾಲ್‌ಮಾರ್ಟ್ ಭಾರತದ ಮಾರುಕಟ್ಟೆಗಾಗಿ ಲಾಬಿ ಮಾಡಿದ್ದು 2012ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಗದ್ದಲವೆಬ್ಬಿಸಿದ್ದು ಅಮೆರಿಕದ ಸೆನೆಟ್‌ಗೆ ಆ ಕಂಪನಿಯೇ ಕೊಟ್ಟ ವರದಿಗಳಿಂದ. 1995ರ ಅಲ್ಲಿನ ಕಾಯ್ದೆ ಅವನ್ನು ಬಹಿರಂಗಪಡಿಸುವುದನ್ನು ಕಡ್ಡಾಯ ಮಾಡಿದೆ. ಇಲ್ಲಿ ಸರ್ಕಾರ 2013ರ ಜನವರಿಯಲ್ಲಿ ನಿವೃತ್ತ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ಸಮಿತಿ ನೇಮಿಸಿ ಗದ್ದಲ ತಣಿಸಿತು. ಕಂಪನಿಗಳ ಪರ ಲಾಬಿ ಮಾಡುತ್ತಿದ್ದ ನೀರಾ ರಾಡಿಯಾ ಅವರ ಧ್ವನಿಸುರುಳಿಗಳದ್ದು ಇನ್ನೂ ಸ್ವಾರಸ್ಯದ ಪ್ರಕರಣ. ಆದಾಯ ತೆರಿಗೆ ಇಲಾಖೆ ಕದ್ದಾಲಿಸಿದ್ದ ಆ ಮಾತುಕತೆಗಳು 2010ರಲ್ಲಿ ಪತ್ರಿಕೆಗಳಲ್ಲಿ ಬಂದಾಗ, ಖಾಸಗಿತನದ ಹೆಸರಿನಲ್ಲಿ ತಡೆಯಿರಿ ಎಂದು ರತನ್ ಟಾಟಾ, ಎಲ್ಲವನ್ನೂ ಬಹಿರಂಗಪಡಿಸಿ ಎಂದು ಸಾರ್ವಜನಿಕ ಹಿತಾಸಕ್ತಿಯ ಸಂಸ್ಥೆಯೊಂದು ಒಂದೇ ಕೋರ್ಟಿನ ಮೆಟ್ಟಿಲೇರಿದರು. 14 ಪ್ರಾಥಮಿಕ ವಿಚಾರಣೆಗಳಲ್ಲಿ ಅಪರಾಧವೇನೂ ಕಂಡುಬಂದಿಲ್ಲ ಎಂದು ಸಿಬಿಐ 2022ರಲ್ಲಿ ಕೋರ್ಟಿಗೆ ತಿಳಿಸಿತು.

ಚಹಾದ ಅಂಗಡಿ ಮುಂದೆ ‘ಎಲ್ಲಾ ಮುಚ್ಚಿ ಹಾಕ್ಯಾರ್ರೀ’ ಎನ್ನುವುದು ಸುಲಭ. ಮೊಬೈಲಿಗೆ ಬಂದ ‘ರಹಸ್ಯ ಪಟ್ಟಿ’ಯನ್ನು ಹತ್ತು ಮಂದಿಗೆ ದಾಟಿಸುವುದು ಇನ್ನೂ ಸುಲಭ. ಅದೇ ವಿಷಯಕ್ಕೆ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಬರೆಯುವವರು ಬೆರಳೆಣಿಕೆ. ನಿರಾಕರಣೆ ಬಂದ ಮೇಲೆ ಮೇಲ್ಮನವಿ ಹಾಕುವವರು ಅದಕ್ಕಿಂತ ಕಡಿಮೆ. ಕಚೇರಿಯ ಸುಳ್ಳನ್ನೂ ಬೀದಿಯ ಸುಳ್ಳನ್ನೂ ಒಂದೇ ಉಸಿರಿಗೆ ನಂಬುವ ಈ ಗುಣಕ್ಕೆ ಓದು ಬರಹದ ಕೊರತೆಯೂ ಕಾರಣವಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, ಸುಮಾರು 150 ಪದಗಳಿಗೆ ಮಿತಿಯಾಗಬೇಕು. ನಾಲ್ಕನೆಯ ಇಯತ್ತೆ ಓದಿದವರೂ ಬರೆಯಬಹುದು.

ಉತ್ತರಕ್ಕೆ 30 ದಿನ. ಹಿಂಬರಹ ಬಂದರೆ 30 ದಿನದೊಳಗೆ ಪ್ರಥಮ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು; ಆಯೋಗಕ್ಕೆ ಬೆಳಗಾವಿ, ಕಲಬುರಗಿಗಳಲ್ಲೂ ಪೀಠಗಳಿವೆ. ಸಕಾರಣವಿಲ್ಲದೆ ಮಾಹಿತಿ ತಡೆದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಬೀಳಬಹುದು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ವೈಯಕ್ತಿಕ ಮಾಹಿತಿಯ ಖಂಡವನ್ನು ಬಿಗಿ ಮಾಡಿದೆ. ಆದರೂ ಸಾರ್ವಜನಿಕ ಹಿತ ಹೆಚ್ಚಿನದಾದರೆ ಕೊಡಬಹುದೆನ್ನುವ 8(2) ಹಾಗೇ ಉಳಿದಿದೆ. ಘಟನೆ ನಡೆದು 20 ವರ್ಷ ಕಳೆದಿದ್ದರೆ, 8(3)ರ ಪ್ರಕಾರ, ತನಿಖೆಯ ಖಂಡದ ತಡೆಯೂ ನಿಲ್ಲುವುದಿಲ್ಲ.